ಮಗಳ ಹಿಂದೆ ಕೊಡಚಾದ್ರಿಗೆ

ಕೊಡಚಾದ್ರಿಯ ಮೇಲಕ್ಕೆ ಎಷ್ಟು ಸಲ ಹೋಗಿದ್ದೀರಿ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಿಟ್ಟೂರಿನಲ್ಲಿ ಜೀಪ್ ಓಡಿಸಲು ಶುರುಮಾಡಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಮಳೆಗಾಲ ಕಳೆದ ಮೇಲೆ ದಿನಕ್ಕೆರಡು ಬಾಡಿಗೆ ಹೊಡೆದದ್ದೂ ಇದೆ. ಯಾವ ತಿರುವಿನಲ್ಲಿ ಯಾವ ಕಲ್ಲು ಎದ್ದಿದೆ, ಯಾವ ಹೊಂಡಕ್ಕೆ ಯಾವ ಚಕ್ರ ಇಳಿಸಬೇಕು ಎಂಬುದೆಲ್ಲ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ ಬುಡದಿಂದ ಕಾಲಿನಲ್ಲಿ ನಡೆದು ಆ ಗುಡ್ಡ ಹತ್ತಿರಲಿಲ್ಲ. ಒಂದು ಸಲವೂ ಇಲ್ಲ.

ನಾನು ಹುಟ್ಟಿದ್ದು ಸಾಗರದ ಕಡೆ, ಇಕ್ಕೇರಿಯ ಹತ್ತಿರ. ಮದುವೆಯಾದ ಮೇಲೆ ಹೆಂಡತಿಯ ಊರು ಎಂದು ಇತ್ತ ಬಂದವನು. ಕೊಡಚಾದ್ರಿಯನ್ನು ಮೊದಲು ನೋಡಿದ್ದೇ ಜೀಪಿನ ಹಿಂದೆ ನೇತಾಡಿಕೊಂಡು, ಕ್ಲೀನರ್ ಆಗಿ. ಆಮೇಲೆ ಡ್ರೈವರ್ ಆದೆ, ಸ್ವಂತ ಜೀಪೂ ಆಯಿತು. ಮೂಲಸ್ಥಾನದ ದೇವಸ್ಥಾನದ ಹತ್ತಿರ ಜನರನ್ನು ಇಳಿಸಿದರೆ ಅವರು ಅಲ್ಲಿಂದ ತುದಿಯ ಸರ್ವಜ್ಞ ಪೀಠದವರೆಗೆ ನಡೆದು ಹೋಗಿ ಬರುತ್ತಾರೆ. ಅಷ್ಟು ಹೊತ್ತು ನಾನು ಹೆಚ್ಚಾಗಿ ಸೀಟಿಗೊರಗಿ ಕಣ್ಣು ಮುಚ್ಚುತ್ತೇನೆ. ಹಿಡ್ಲುಮನೆ ಜಲಪಾತದ ಕಡೆಯಿಂದ ಕಾಡಿನಲ್ಲಿ ಹತ್ತಿ, ಅಂಗಿಯೆಲ್ಲ ಒದ್ದೆ ಮಾಡಿಕೊಂಡು ಮೇಲೆ ಬಂದು ಮುಟ್ಟುವವರನ್ನು ಕಂಡರೆ ನಮಗೆ, ಡ್ರೈವರುಗಳಿಗೆ, ನಗು. ರಸ್ತೆ ಇದ್ದೂ ಯಾಕೆ ಹೀಗೆ ಒದ್ದಾಡುತ್ತಾರೆ ಎಂದು ಮಾತಾಡಿಕೊಳ್ಳುತ್ತಿದ್ದೆವು.

ಆ ಒದ್ದಾಡುವವರನ್ನು ಕರೆತರುವ ಕೆಲಸವನ್ನೇ ನನ್ನ ಮಗಳು ಹಿಡಿಯುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

ಹೊಸನಗರದಲ್ಲಿ ಡಿಗ್ರಿ ಮುಗಿಸಿ ಅವಳು ತೀರ್ಥಹಳ್ಳಿಯ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬಿಲ್ ಹಾಕುತ್ತಿದ್ದಳು. ಒಂದು ಭಾನುವಾರ ಮನೆಗೆ ಬಂದವಳು, ಚಾರಣದ ಗೈಡ್ ಆಗುವವರಿಗೆ ತರಬೇತಿ ಕೊಡುತ್ತಾರೆ, ನಾನು ಹೆಸರು ಕೊಟ್ಟು ಬಂದಿದ್ದೇನೆ ಎಂದಳು. ಅವಳ ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಎಂತ ಹೇಳ್ತಾಳೆ ಇವ್ಳು? ಗುಡ್ಡ ಹತ್ಸೋಕೆ ಡಿಗ್ರಿ ಓದ್ಬೇಕಿತ್ತಾ?"

"ಬಿಲ್ ಹಾಕೋಕೆ ಬೇಕಿತ್ತಾ ಅಮ್ಮ?" ಎಂದಳು ಮಗಳು.

ನಾನು ನಕ್ಕುಬಿಟ್ಟೆ. ನಕ್ಕಿದ್ದೇ ಒಪ್ಪಿಗೆ ಎಂದಾಯಿತು.

ಅವಳಿಗೆ ಆ ಕಾಡು ಹೊಸದಲ್ಲ. ಚಿಕ್ಕವಳಿದ್ದಾಗ ಅಜ್ಜಿಯ, ಅಂದರೆ ನನ್ನ ಅತ್ತೆಯ, ಜೊತೆ ಸೀಗೆಕಾಯಿ ಆರಿಸಲು ಗುಡ್ಡದ ಬುಡದ ಕಾಡೆಲ್ಲ ಸುತ್ತಿದವಳು. ಅತ್ತೆ ತೀರಿಕೊಂಡ ಮೇಲೆ ಆ ಓಡಾಟ ನಿಂತಿತ್ತು. ಈಗ ತರಬೇತಿ ಎಂದು ಮತ್ತೆ ಶುರುವಾಯಿತು. ಹಗ್ಗದ ಗಂಟು ಹಾಕುವುದು, ಬಿದ್ದವರ ಕಾಲಿಗೆ ಪಟ್ಟಿ ಕಟ್ಟುವುದು, ಹಾವು ಕಚ್ಚಿದರೆ ಮಾಡಬಾರದ್ದೇನು, ಎಲ್ಲವನ್ನೂ ಮನೆಯಲ್ಲಿ ನಮ್ಮ ಮೇಲೆ ಪ್ರಯೋಗ ಮಾಡಿ ಕಲಿತಳು. ಏನೂ ಆಗಿರದ ನನ್ನ ಕಾಲಿಗೆ ಅವಳು ಪಟ್ಟಿ ಕಟ್ಟಿಟ್ಟಿದ್ದಾಗ ಬಾಡಿಗೆಗೆ ಕರೆ ಬಂದು, ಬಿಚ್ಚಲು ಪುರಸೊತ್ತಿಲ್ಲದೆ ಹಾಗೇ ಜೀಪ್ ಹತ್ತಿ ಹೋಗಿದ್ದೇನೆ. ಊರಿನಲ್ಲಿ ಕೆಲವರು, ಹೆಣ್ಣುಮಗು, ಕಾಡು, ಗುರುತಿಲ್ಲದ ಜನ ಎಂದು ರಾಗ ಎಳೆದರು. ಹೆಂಡತಿ ಒಳಗೊಳಗೇ ಹೆದರಿದ್ದಳು. ಆದರೆ ಹೊರಗೆ ಯಾರಾದರೂ ಏನಾದರೂ ಅಂದರೆ ಅವರಿಗೆ ಸರಿಯಾಗಿ ಉತ್ತರ ಕೊಟ್ಟು ಬರುತ್ತಿದ್ದಳು.

ಮೊದಲು ಕೆಲವು ತಿಂಗಳು ಮಗಳು ಹಳೆಯ ಗೈಡ್‌ಗಳ ಜೊತೆ ಹೋಗಿ ಬಂದಳು. ಮಳೆ ನಿಂತ ಮೇಲೆ ಅವಳೊಬ್ಬಳೇ ಒಂದು ಗುಂಪನ್ನು ಕರೆದೊಯ್ಯುವ ದಿನ ಬಂತು. ದಾವಣಗೆರೆಯ ಒಂದು ಬ್ಯಾಂಕಿನ ನೌಕರರು. ಅವರಲ್ಲಿ ಒಬ್ಬರಿಗೆ ಜ್ವರ ಬಂದು ಒಂದು ಜಾಗ ಖಾಲಿ ಉಳಿಯಿತು. ಹಿಂದಿನ ದಿನ ಸಂಜೆ ನಾನು ಜೀಪ್ ತೊಳೆಯುತ್ತಿದ್ದಾಗ ಅವಳು ಪಕ್ಕದಲ್ಲಿ ಬಂದು ನಿಂತಳು.

"ಅಪ್ಪಯ್ಯ, ನಾಳೆ ನೀನು ಬಾ."

"ಎಲ್ಲಿಗೆ?"

"ಗುಡ್ಡಕ್ಕೆ. ನಮ್ಮ ಜೊತೆ. ನಡ್ಕೊಂಡು."

"ನಾನಾ? ಜೀಪಿಗೆ ಯಾರು?"

"ಜೀಪಿಗೆ ಒಂದು ದಿನ ರಜ."

ನಾನು ಮಂಡಿನೋವಿನ ನೆಪ ಹೇಳುವಷ್ಟರಲ್ಲಿ ಒಳಗಿನಿಂದ ಹೆಂಡತಿ, "ಹೋಗಿ ಬನ್ನಿ ಮಾರಾಯ್ರೆ. ಮೊದಲ್ನೇ ದಿನ. ನೀವು ಹೋದ್ರೆ ನಂಗೂ ಒಂದು ಧೈರ್ಯ," ಎಂದಳು. ಮಗಳು ಮಾತ್ರ ಒಂದು ಷರತ್ತು ಹಾಕಿದಳು.

"ನೀನು ನನ್ನ ಅಪ್ಪ ಅಂತ ಅಲ್ಲಿ ಯಾರಿಗೂ ಗೊತ್ತಾಗ್ಬಾರ್ದು. ಅಪ್ಪನ್ನ ಕಾವಲಿಗೆ ಕರ್ಕೊಂಡ್ ಬಂದಿದಾಳೆ ಅಂದ್ರೆ ನನ್ನ ಮಾತು ಯಾರು ಕೇಳ್ತಾರೆ? ನೀನೂ ಅವರ ಹಾಗೇ ಒಬ್ಬ. ನಾನು ಹೇಳಿದ್ದು ಕೇಳ್ಬೇಕು."

"ಆಯ್ತು ಮೇಡಂ," ಎಂದೆ.

ಬೆಳಿಗ್ಗೆ ದಾವಣಗೆರೆಯವರ ವ್ಯಾನ್ ಬಂದು ನಿಂತಿತು. ದಪ್ಪ ಮೀಸೆಯ ಎತ್ತರದ ಮ್ಯಾನೇಜರ್, ನಲವತ್ತು ದಾಟಿದ ಒಬ್ಬ ಹೆಂಗಸು, ಹೊಸದಾಗಿ ಕೆಲಸಕ್ಕೆ ಸೇರಿದ ಮೂವರು ಯುವಕರು. ಮ್ಯಾನೇಜರ್ ಇಳಿದವರೇ ಸುತ್ತ ನೋಡಿ, "ಗೈಡ್ ಎಲ್ಲಿದಾನಮ್ಮ?" ಎಂದು ನನ್ನ ಮಗಳನ್ನೇ ಕೇಳಿದರು.

"ನಾನೇ ಸರ್."

ಅವರು ಅವಳ ಹಸಿರು ಅಂಗಿ, ಎದೆಯ ಮೇಲಿನ ಬ್ಯಾಡ್ಜ್, ಬೆನ್ನಿನ ಚೀಲ ಎಲ್ಲವನ್ನೂ ನೋಡಿದರು. ಸ್ವಲ್ಪ ಹೊತ್ತಿಗೆ ನನ್ನ ಪಕ್ಕಕ್ಕೆ ಸರಿದು, "ಏನ್ರೀ ಇದು, ಕಾಲೇಜ್ ಹುಡುಗೀನ ಕಳ್ಸಿದಾರಲ್ರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ್ರೀ ನೋಡೋರು? ನೀವು ಇಲ್ಲಿಯೋರಾ?" ಎಂದು ಮೆಲ್ಲಗೆ ಕೇಳಿದರು.

"ಸಾಗರದ ಕಡೆಯವ್ನು," ಎಂದೆ. ಸುಳ್ಳೇನೂ ಹೇಳಲಿಲ್ಲ. ಬೂಟಿನ ದಾರ ಬಿಗಿಯುವ ನೆಪದಲ್ಲಿ ಬಗ್ಗಿದೆ.

ಮಗಳು ಎಲ್ಲರನ್ನೂ ಅರ್ಧ ವೃತ್ತವಾಗಿ ನಿಲ್ಲಿಸಿ ಮಾತಾಡಿದಳು. ಮನೆಯಲ್ಲಿ ಅವಳ ದನಿ ಅಷ್ಟು ಗಟ್ಟಿಯಿದ್ದದ್ದು ನಾನು ಕೇಳಿರಲಿಲ್ಲ. "ನಾನು ನಿಲ್ಲಿ ಅಂದ್ರೆ ಎಲ್ಲರೂ ನಿಲ್ಬೇಕು. ಎಲ್ಲರಿಗಿಂತ ನಿಧಾನ ಯಾರು ನಡೀತಾರೋ ಅವರ ಹೆಜ್ಜೆಗೆ ನಾವೆಲ್ಲ ನಡಿಯೋದು. ಯಾರೂ ನಾಚ್ಕೆ ಪಟ್ಕೊಂಡು ಸುಸ್ತು ಮುಚ್ಚಿಡಬಾರ್ದು," ಎಂದಳು. ಕೊನೆಯ ಮಾತು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಆದರೂ ಅದು ನನಗೇ ಎಂದು ಗೊತ್ತಾಯಿತು.

ಎಲ್ಲರಿಗಿಂತ ನಿಧಾನ ನಾನೇ ಆದೆ. ಗದ್ದೆ, ಹಳ್ಳ ದಾಟಿ ಕಾಡು ಹೊಕ್ಕು ಏರು ಶುರುವಾದ ಮೇಲೆ ನನ್ನ ಎದೆ ಹಳೆಯ ಇಂಜಿನ್ನಿನಂತೆ ಸದ್ದು ಮಾಡತೊಡಗಿತು. ನೆಲ ಇನ್ನೂ ಹಸಿಯಾಗಿತ್ತು. ಕೊಳೆತ ಎಲೆಗಳ ನಡುವೆ ಬೇರುಗಳೇ ಮೆಟ್ಟಿಲು. ಉಂಬಳಗಳು ಬೂಟು ಹತ್ತಿ, ಕಾಲುಚೀಲ ದಾಟಿ ರಕ್ತ ಹೀರಲು ಬರುತ್ತಿದ್ದವು. ಮಗಳು ಎಲ್ಲರ ಕೈಗೂ ಉಪ್ಪಿನ ಚಿಕ್ಕ ಗಂಟು ಕೊಟ್ಟು, ಹೇಗೆ ಮುಟ್ಟಿಸಬೇಕೆಂದು ತೋರಿಸಿದಳು. ಜೀಪಿನ ಕಿಟಕಿಯಿಂದ ನಾನು ಇಷ್ಟು ವರ್ಷ ನೋಡಿದ್ದು ಕೆಂಪು ಧೂಳು ಕೂತ ಎಲೆಗಳನ್ನು. ಇಲ್ಲಿ ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುತ್ತಿತ್ತು. ಒಂದು ಕಡೆ ಅವಳು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ ಮೇಲೆ ತೋರಿಸಿದಳು. ಕೊಂಬೆಯ ಮೇಲೆ ಬಿಳಿ ಕೇಸರದ ಸಿಂಗಳೀಕವೊಂದು ಹಣ್ಣು ಕೈಯಲ್ಲಿ ಹಿಡಿದು ನಮ್ಮನ್ನು ನೋಡುತ್ತಿತ್ತು. ಯುವಕರು ಫೋನ್ ತೆಗೆಯುವುದನ್ನೇ ಮರೆತರು.

ನಾನು ಏದುಸಿರು ಬಿಟ್ಟಾಗಲೆಲ್ಲ ಅವಳಿಗೆ ಹೇಳಲು ಏನಾದರೂ ಕತೆ ಸಿಗುತ್ತಿತ್ತು. ಒಂದು ಮರದ ಹೆಸರು, ಒಂದು ಹಕ್ಕಿಯ ಕೂಗು. ಎಲ್ಲರೂ ನಿಂತು ಕೇಳುವಾಗ ನನ್ನ ಉಸಿರು ಹದಕ್ಕೆ ಬರುತ್ತಿತ್ತು. ನಾಲ್ಕೈದು ಸಲ ಹೀಗಾದ ಮೇಲೆ ಅದು ನನಗಾಗಿಯೇ ನಿಲ್ಲುವುದು ಎಂದು ಗೊತ್ತಾಯಿತು. "ಸರ್, ನೀರು ಕುಡೀರಿ," ಎಂದು ಬಾಟಲಿ ಕೊಟ್ಟಳು. ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಕುಡಿಯುವ ನೀರು ನೆತ್ತಿಗೇರಿತು.

ಜಲಪಾತ ಒಂದೇ ಕಡೆ ಬೀಳುವುದಿಲ್ಲ, ಹಂತ ಹಂತವಾಗಿ ಇಳಿಯುತ್ತದೆ. ದಾರಿ ಅದರ ಪಕ್ಕದ ಬಂಡೆಗಳ ಮೇಲೆಯೇ ಹತ್ತುತ್ತದೆ. ಒಂದು ಜಾಗದಲ್ಲಿ ಬಂಡೆ ಗೋಡೆಯ ಹಾಗೆ ನಿಂತಿದೆ. ಕೈಯಿಟ್ಟು ಕಾಲಿಟ್ಟು ಏರಬೇಕು. ಮಗಳು ಮೇಲಿನ ಮರಕ್ಕೆ ಹಗ್ಗ ಬಿಗಿದು ಕೆಳಗೆ ಬಿಟ್ಟಳು. ಯುವಕರು ಹತ್ತಿದರು, ಮ್ಯಾನೇಜರ್ ಹತ್ತಿದರು, ನಾನೂ ಹೇಗೋ ಹತ್ತಿದೆ. ಆ ಹೆಂಗಸು ಅರ್ಧಕ್ಕೆ ಬಂದು ಒಮ್ಮೆ ಕೆಳಗೆ ನೋಡಿದರು. ಅಷ್ಟೇ. ಬಂಡೆಗೆ ಮುಖ ಒತ್ತಿಕೊಂಡು ನಿಂತುಬಿಟ್ಟರು.

"ನನ್ನ ಕೈಲಾಗಲ್ಲ. ನನ್ನ ಕೈಲಾಗಲ್ಲ," ಎಂದು ಅದೊಂದೇ ಮಾತು. ನೀರಿನ ಸದ್ದಿನಲ್ಲಿ ಅವರ ದನಿ ಕಿವಿಗೊಟ್ಟರೆ ಮಾತ್ರ ಕೇಳಿಸುತ್ತಿತ್ತು.

ಮ್ಯಾನೇಜರ್ ಮೇಲಿನಿಂದ, "ಏನೂ ಆಗಲ್ಲ ಬರ್ರೀ, ಬರ್ರೀ!" ಎಂದು ಕೂಗಿದರು. ಯುವಕರೂ ಕೂಗಿದರು. ನಾನು ಹಗ್ಗ ಹಿಡಿದು ಎಳೆದುಬಿಡೋಣ ಎಂದು ಕೈ ಹಾಕಿದೆ. ಮಗಳು ನನ್ನ ಕೈ ಮೇಲೆ ಕೈಯಿಟ್ಟು ತಡೆದಳು.

"ಯಾರೂ ಕೂಗ್ಬೇಡಿ. ಹಗ್ಗ ಮುಟ್ಬೇಡಿ," ಎಂದಳು. ಎಲ್ಲರೂ ಬಾಯಿ ಮುಚ್ಚಿದೆವು.

ಅವಳು ಪಕ್ಕದಿಂದ ಬಂಡೆಯಲ್ಲಿ ಇಳಿದು ಆ ಹೆಂಗಸಿನ ಕೆಳಗೆ ಹೋಗಿ ನಿಂತಳು. ಆ ಹೆಂಗಸು ಜಾರಿದರೆ ಇಬ್ಬರೂ ಬೀಳುವುದೇ. ಅವಳು ಮಾತ್ರ ಒಂದು ಕೈಯಲ್ಲಿ ಹಗ್ಗ ಸುತ್ತಿ ಹಿಡಿದು, ಇನ್ನೊಂದು ಅಂಗೈಯನ್ನು ಅವರ ಹಿಮ್ಮಡಿಗೆ ಆನಿಸಿ ನಿಂತು, ಅವರ ಜೊತೆ ಮಾತಾಡತೊಡಗಿದಳು.

"ಮೇಡಂ, ನಿಮ್ಮ ಮನೇಲಿ ಇವತ್ತು ಅಡುಗೆ ಯಾರು ಮಾಡ್ತಿದಾರೆ?"

ಅವಳು ಮತ್ತೆ ಕೇಳಿದಳು.

"ನಮ್ಮ ಯಜಮಾನ್ರು," ಎಂದರು ಅವರು, ಬಂಡೆಗೇ ಹೇಳುವವರಂತೆ.

"ಎಂತ ಮಾಡ್ತಾರೆ?"

"ಅವ್ರಿಗೆ ಬರೋದು ಉಪ್ಪಿಟ್ಟೊಂದೇ."

"ಹಾಗಾದ್ರೆ ಎಡಗಾಲು ಒಂಚೂರು ಎತ್ತಿ. ಅಲ್ಲೊಂದು ಬಿರುಕಿದೆ. ನಾನು ಹಿಡ್ಕೊಂಡಿದೀನಿ. ಮೇಲೂ ನೋಡ್ಬೇಡಿ, ಕೆಳಗೂ ನೋಡ್ಬೇಡಿ. ಕೈ ನೋಡಿ. ಹಾಂ. ಉಪ್ಪಿಟ್ಟಿಗೆ ಈರುಳ್ಳಿ ಹಾಕ್ತಾರಾ?"

ಹೀಗೆ ಆ ಉಪ್ಪಿಟ್ಟಿನ ಕತೆ ಹೇಳಿಸುತ್ತ, ಒಂದೊಂದು ಕಾಲನ್ನೂ ತನ್ನ ಕೈಯಿಂದಲೇ ಎತ್ತಿ ಇಡಿಸುತ್ತ ಅವರನ್ನು ಮೇಲಕ್ಕೆ ತಂದಳು. ಮೇಲೆ ಬಂದು ಕೂತ ಮೇಲೆ ಆ ಹೆಂಗಸು ಒಮ್ಮೆ ಅತ್ತರು, ಆಮೇಲೆ ನಕ್ಕರು. ಮ್ಯಾನೇಜರ್ ಮೀಸೆ ಸವರಿಕೊಂಡು ನನ್ನ ಕಿವಿಯ ಹತ್ತಿರ, "ಹುಡುಗಿ ಗಟ್ಟಿ ಇದಾಳ್ರೀ," ಎಂದರು. ನಾನು ಬೇರೆ ಕಡೆ ತಿರುಗಿ ಮುಖ ಒರೆಸಿಕೊಂಡೆ. ಬೆವರೂ ಇತ್ತು, ಕಣ್ಣೀರೂ ಇತ್ತು. ಇವಳು ನನ್ನ ಮಗಳು ಎಂದು ಕೂಗಿ ಹೇಳಬೇಕು ಅನ್ನಿಸುತ್ತಿತ್ತು. ಮಾತು ಕೊಟ್ಟಿದ್ದೆ, ನುಂಗಿಕೊಂಡೆ.

ಕಾಡು ಮುಗಿದು ಹುಲ್ಲಿನ ಗುಡ್ಡಕ್ಕೆ ಬಂದಾಗ ಬಿಸಿಲು ಚೆನ್ನಾಗಿತ್ತು. ಅರ್ಧ ದಾರಿ ಹೋಗುವಷ್ಟರಲ್ಲಿ ಘಟ್ಟದ ಕೆಳಗಿನಿಂದ ಮಂಜು ಎದ್ದು ಬಂತು. ಮೊದಲು ಎದುರಿನ ಗುಡ್ಡ ಹೋಯಿತು, ಆಮೇಲೆ ದಾರಿ ಹೋಯಿತು, ಕೊನೆಗೆ ಪಕ್ಕದಲ್ಲಿದ್ದವರ ಕಾಲೂ ಕಾಣದಾಯಿತು. ಮಗಳು ಎಲ್ಲರನ್ನೂ ಕೂರಲು ಹೇಳಿದಳು. ಮಂಜು ಸರಿಯುವವರೆಗೆ ಒಂದು ಹೆಜ್ಜೆಯೂ ಬೇಡ ಎಂದಳು. ಒದ್ದೆ ಹುಲ್ಲಿನಲ್ಲಿ ಒಬ್ಬರಿಗೊಬ್ಬರು ಅಂಟಿ ಕೂತೆವು. ಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು.

ಆಗ ನನಗೆ ಜೀಪಿನ ಸದ್ದು ಕೇಳಿಸಿತು. ನಮ್ಮ ಸ್ಟ್ಯಾಂಡಿನದೇ ಜೀಪು. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಅದು ಹೇಗೆ ನರಳುತ್ತದೆ ಎಂದು ನನಗೆ ಗೊತ್ತು. ಸದ್ದು ಬಲಗಡೆಯಿಂದ, ತೀರಾ ಹತ್ತಿರದಿಂದ ಬರುತ್ತಿತ್ತು. ರಸ್ತೆ ಇಲ್ಲೇ ಇದೆ, ಇವರೆಲ್ಲ ಸುಮ್ಮನೆ ಚಳಿಯಲ್ಲಿ ಕೂತಿದ್ದಾರೆ ಅನ್ನಿಸಿತು. ಇಷ್ಟು ವರ್ಷದ ನನ್ನ ರಸ್ತೆ ನನಗೆ ತಿಳಿಯದೇ? ಎದ್ದು, "ರಸ್ತೆ ಇಲ್ಲೇ ಇದೆ, ಬನ್ನಿ, ನಾನು ತೋರಿಸ್ತೀನಿ," ಎಂದು ಬಲಕ್ಕೆ ನಡೆದೇಬಿಟ್ಟೆ. ಒಂದಿಬ್ಬರು ನನ್ನ ಹಿಂದೆ ಏಳತೊಡಗಿದರು.

"ಅಪ್ಪಯ್ಯಾ! ನಿಲ್ಲು!"

ಅವಳ ಅಂಥ ಕೂಗನ್ನು ನಾನು ಹಿಂದೆ ಕೇಳಿರಲಿಲ್ಲ. ಎತ್ತಿದ ಕಾಲು ಹಾಗೇ ನಿಂತಿತು.

"ಹಿಂದೆ ಬಾ. ಬಂದ ಹೆಜ್ಜೆಯಲ್ಲೇ ಬಾ. ಕೂತ್ಕೊ."

ಬಂದೆ. ಕೂತೆ. ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಳು, ಬಿಡಲಿಲ್ಲ. "ಮಂಜಲ್ಲಿ ಸದ್ದು ಎಲ್ಲಿಂದ ಬರುತ್ತೆ ಅಂತ ಹೇಳೋಕಾಗಲ್ಲ. ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತೆ. ರಸ್ತೆ ಇರೋದು ನಮ್ಮ ಎಡಕ್ಕೆ," ಎಂದು ಎಲ್ಲರಿಗೂ ಕೇಳುವಂತೆ, ಮೊದಲಿನ ದನಿಯಲ್ಲೇ ಹೇಳಿದಳು.

ಆಮೇಲೆ ಆ ಹೆಂಗಸು ಮೆಲ್ಲಗೆ ಕೇಳಿದರು, "ಅಪ್ಪಯ್ಯ ಅಂದ್ರಾ?"

ಮಗಳು ತಲೆ ತಗ್ಗಿಸಿದಳು. ಉತ್ತರ ನಾನೇ ಕೊಟ್ಟೆ. "ಹೌದು. ನನ್ನ ಮಗಳು."

ಮ್ಯಾನೇಜರ್ ನನ್ನನ್ನೂ ಅವಳನ್ನೂ ಬದಲಿಸಿ ಬದಲಿಸಿ ನೋಡಿದರು. "ಅಲ್ರೀ, ಬೆಳಿಗ್ಗೆ ನಾನು ಏನೇನೋ ಅಂದ್ನಲ್ರೀ ನಿಮ್ಮ ಮುಂದೆ! ಮನಸ್ಸಿಗೆ ಹಚ್ಕೋಬೇಡ್ರಿ," ಎಂದು ನನ್ನ ಕೈ ಹಿಡಿದುಕೊಂಡರು. ಯುವಕರು ನಕ್ಕರು. ಆ ನಗುವಿಗೇ ಚಳಿ ಅರ್ಧ ಕಡಿಮೆಯಾಯಿತು. ಹೆಂಗಸು ತಮ್ಮ ಚೀಲದಿಂದ ಖಾರಮಂಡಕ್ಕಿಯ ಪೊಟ್ಟಣ ತೆಗೆದು ಎಲ್ಲರಿಗೂ ಹಂಚಿದರು.

ಮಂಜು ಬಂದ ಹಾಗೆಯೇ ಹೋಯಿತು. ನಾನು ಹೊರಟಿದ್ದ ಬಲಗಡೆ ಮೊದಲು ತೆರೆಯಿತು. ನಾನು ನಿಂತಿದ್ದಲ್ಲಿಂದ ಸ್ವಲ್ಪವೇ ಮುಂದೆ ಹುಲ್ಲು ಮುಗಿದಿತ್ತು. ಅದರಾಚೆ ಏನೂ ಇರಲಿಲ್ಲ. ಬಹಳ ಕೆಳಗೆ ಕಾಡಿನ ತಲೆ ಕಾಣುತ್ತಿತ್ತು. ರಸ್ತೆ ಎಡಗಡೆಯ ಇಳಿಜಾರಿನಲ್ಲಿ ಕೆಂಪಗೆ ಬಿದ್ದಿತ್ತು, ನಮ್ಮ ಸ್ಟ್ಯಾಂಡಿನ ಜೀಪು ಅದರ ಮೇಲೆ ತೆವಳುತ್ತಿತ್ತು. ಎಲ್ಲರೂ ನೋಡಿದರು. ಮಗಳೂ ನೋಡಿದಳು. ಚೀಲ ಹೆಗಲಿಗೇರಿಸಿ, "ಹೊರಡೋಣ್ವಾ?" ಎಂದಳು.

ಮೂಲಸ್ಥಾನದಲ್ಲಿ ಕೈಮುಗಿದು, ಊಟ ಮಾಡಿ, ಕೊನೆಯ ಏರು ಹತ್ತಿ ಸರ್ವಜ್ಞ ಪೀಠ ಮುಟ್ಟಿದಾಗ ಬಿಸಿಲು ಇಳಿಯತೊಡಗಿತ್ತು. ಆ ಪುಟ್ಟ ಕಲ್ಲಿನ ಮಂಟಪವನ್ನು ನಾನು ಹಿಂದೆ ಕೆಲವು ಸಲ ನೋಡಿದ್ದೆ. ಆದರೆ ಆಗೆಲ್ಲ ಬಾಡಿಗೆಯ ಜನ ಬೇಗ ಇಳಿದರೆ ಸಾಕು ಎಂಬ ಅವಸರ. ಆ ದಿನ ಮಂಟಪದ ಬುಡದಲ್ಲಿ ಕಾಲು ಚಾಚಿ ಕೂತು ನೋಡಿದೆ. ಪಶ್ಚಿಮಕ್ಕೆ ಕೊಲ್ಲೂರಿನ ಕಾಡು ಇಳಿಯುತ್ತ ಇಳಿಯುತ್ತ ನೀಲಿಯಾಗಿ, ಅದರ ಕೊನೆಗೆ ಕಡಲು ಒಂದು ಗೆರೆಯಾಗಿ ಮಿಂಚುತ್ತಿತ್ತು. ಪೂರ್ವಕ್ಕೆ ಹಿನ್ನೀರಿನ ಕೈಗಳು ಗುಡ್ಡಗಳ ಸಂದಿಯಲ್ಲಿ ಚಾಚಿಕೊಂಡಿದ್ದವು. ನಾವು ಬೆಳಿಗ್ಗೆ ಹೊಕ್ಕ ಕಾಡು ಎಲ್ಲೋ ಕೆಳಗಿತ್ತು. ಅಲ್ಲಿಂದ ಇಲ್ಲಿಗೆ ಈ ಕಾಲುಗಳು ತಂದಿವೆ ಎಂದುಕೊಂಡೆ. ಮಂಡಿ ಸಿಡಿಯುತ್ತಿತ್ತು. ಅದೂ ಹಿತವಾಗಿಯೇ ಇತ್ತು.

ಬಂಡೆಯಲ್ಲಿ ಅತ್ತ ಹೆಂಗಸು ಫೋನ್ ಹಿಡಿದು ಮನೆಗೆ ವಿಡಿಯೋ ಕರೆ ಮಾಡಿದ್ದರು. "ರೀ, ನೋಡ್ರಿ ನಾನೆಲ್ಲಿದೀನಿ! ಕಡಲು ಕಾಣ್ತೈತಿ ನೋಡ್ರಿ!" ಎಂದು ಕೂಗುತ್ತಿದ್ದರು. ಆಮೇಲೆ ಫೋನನ್ನು ನನ್ನ ಮಗಳ ಕಡೆ ತಿರುಗಿಸಿ, "ಇವ್ರೇ ನನ್ನ ಹತ್ಸಿದ್ದು," ಎಂದರು. ಅವಳು ನಾಚಿ ಪಕ್ಕಕ್ಕೆ ಸರಿದು ಬಂದು ನನ್ನ ಹತ್ತಿರ ಕೂತಳು.

"ಕೂಗಿದ್ದಕ್ಕೆ ಬೇಜಾರಾಯ್ತಾ ಅಪ್ಪಯ್ಯ?"

"ಕೂಗ್ದೆ ಇದ್ದಿದ್ರೆ ಬೇಜಾರ್ ಮಾಡ್ಕೊಳೋಕೆ ನಾನೇ ಇರ್ತಿರ್ಲಿಲ್ಲ."

ಅವಳು ನಗಲಿಲ್ಲ. ನನ್ನ ತೋಳಿಗೆ ತಲೆ ಆನಿಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ, ತುದಿಗೆ ಹೋಗುತ್ತಿದ್ದ ಯುವಕನೊಬ್ಬನನ್ನು ಹಿಂದಕ್ಕೆ ಕರೆದಳು.

ಇಳಿಯಲು ಮೂಲಸ್ಥಾನದಿಂದ ಜೀಪ್ ಹೇಳಿದ್ದರು. ಅಲ್ಲಿ ನನ್ನ ಜೊತೆಯ ಡ್ರೈವರುಗಳು ಕಾಯುತ್ತ ನಿಂತಿದ್ದರು. ಕೆಸರು ಮೆತ್ತಿದ ಪ್ಯಾಂಟಿನಲ್ಲಿ ಕುಂಟುತ್ತ ಬಂದ ನನ್ನನ್ನು ಕಂಡು ಅವರಿಗೆ ನಗು ತಡೆಯಲಾಗಲಿಲ್ಲ.

"ಎಂತ ಮಾರಾಯ, ಜೀಪ್ ಮಾರಿದ್ಯಾ?"

ನಾನು ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬಂಡೆಯ ಕತೆ, ಉಪ್ಪಿಟ್ಟಿನ ಕತೆ, ಮಂಜಿನಲ್ಲಿ ನಾನು ಎದ್ದು ಹೊರಟದ್ದು, ಅವಳು ಕೂಗಿ ನಿಲ್ಲಿಸಿದ್ದು. ಮ್ಯಾನೇಜರ್ ನಡುನಡುವೆ, "ಖರೇನ್ರೀ, ನಾನೇ ನೋಡೀನಿ," ಎಂದು ಸಾಕ್ಷಿ ಹೇಳುತ್ತಿದ್ದರು. ಡ್ರೈವರುಗಳ ನಗು ನಿಂತಿತು. ಅವರಲ್ಲಿ ಹಿರಿಯವನೊಬ್ಬ, ಹೆಣ್ಣುಮಕ್ಕಳಿಗೆ ಇದೆಂಥ ಕೆಲಸ ಎಂದು ನಮ್ಮ ಮನೆಯ ಜಗುಲಿಯಲ್ಲೇ ಕೂತು ಹೇಳಿ ಹೋದವನು, ನನ್ನ ಮಗಳ ಹತ್ತಿರ ಹೋಗಿ ನಿಂತ. ಸ್ವಲ್ಪ ಹೊತ್ತು ಜೀಪಿನ ಬಾನೆಟ್ ಸವರಿದ.

"ಮಗಾ, ನನ್ನ ಮಗ್ಳೂ ಡಿಗ್ರಿ ಮುಗಿಸಿ ಕೂತಿದಾಳೆ. ಆ ತರಬೇತಿಗೆ ಅವ್ಳನ್ನೂ ಸೇರಿಸ್ಕೊಳ್ತಾರಾ?"

"ಯಾಕಿಲ್ಲ ಮಾವ? ನಾಳೆ ನಮ್ಮನೆಗೆ ಕಳ್ಸಿ. ನಾನು ಮಾತಾಡ್ತೀನಿ," ಎಂದಳು ಮಗಳು.

ಈಗ ನಿಟ್ಟೂರಿನಿಂದ ಕಾಲುದಾರಿಯಲ್ಲಿ ಜನರನ್ನು ಕರೆದೊಯ್ಯುವ ಹುಡುಗಿಯರು ಇಬ್ಬರು. ನಾನು ಜೀಪ್ ಓಡಿಸುವುದನ್ನು ಬಿಟ್ಟಿಲ್ಲ, ಬಿಡುವಂತೆಯೂ ಇಲ್ಲ. ಆದರೆ ಬಾಡಿಗೆ ಕೇಳಲು ಬಂದವರಲ್ಲಿ ಕಾಲಿನಲ್ಲಿ ಕಸುವು ಇರುವವರನ್ನು ಕಂಡರೆ, "ನಡೆದು ಹೋಗಿ ನೋಡಿ, ಬಹಳ ಒಳ್ಳೇ ಗೈಡ್ ಇದಾರೆ," ಎಂದು ನಾನೇ ಹೇಳುತ್ತೇನೆ. ಕೆಲವರು ಸಂಜೆ ಗುಡ್ಡ ಇಳಿದ ಮೇಲೆ ಟೀ ಅಂಗಡಿಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಗೈಡ್ ಅವರ ತಂದೆ ನೀವೇನಾ?" ಎಂದು ಕೇಳುತ್ತಾರೆ. ನಾನು ಗ್ಲಾಸು ಕೆಳಗಿಟ್ಟು, ಎದ್ದು ನಿಂತು, ನಾನೇ ಎನ್ನುತ್ತೇನೆ.